ಯಾವ ಹೊತ್ತಿನ ಕಾಫಿಯ ಬದಲಿಗೆ?

"ಕಾಫಿ ಬಿಡ್ಬೇಕು ಅಂತಿದೀನಿ ಮೇಡಂ. ಬದಲಿಗೆ ಏನು ಕುಡೀಲಿ?"

ಹಾಸನದಲ್ಲಿ ಆಹಾರ ತಜ್ಞೆಯಾಗಿರುವ ನನಗೆ ವಾರಕ್ಕೆ ಎರಡು ಮೂರು ಸಲವಾದರೂ ಈ ಮಾತು ಕೇಳಿಬರುತ್ತದೆ. ನನ್ನ ಬಳಿ ಬರುವವರಲ್ಲಿ ಸಕಲೇಶಪುರ, ಆಲೂರು ಕಡೆಯವರೂ ಬಹಳ. ಕಾಫಿಯೇ ಮನೆ ನಡೆಸುವ ಬೆಳೆಯಾಗಿರುವ ಊರಿನವರು ಕಾಫಿ ಬಿಡುತ್ತೇನೆ ಅಂದರೆ ಏನೋ ಅನುಭವಿಸಿಯೇ ಬಂದಿರುತ್ತಾರೆ. ಒಬ್ಬರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಇನ್ನೊಬ್ಬರಿಗೆ ಎದೆಯುರಿ, ಮತ್ತೊಬ್ಬರಿಗೆ ಎಷ್ಟು ಕುಡಿದರೂ ಸುಸ್ತು ಇಳಿಯುವುದಿಲ್ಲ. ನಾನು ಅವರೆಲ್ಲರನ್ನೂ ತಿರುಗಿ ಕೇಳುವುದು ಒಂದೇ: "ಯಾವ ಹೊತ್ತಿನ ಕಾಫಿಯ ಬದಲಿಗೆ?"

ಬೆಳಗಿನ ಜಾವದ ಲೋಟ ಮಾಡುವ ಕೆಲಸವೇ ಬೇರೆ, ಸಂಜೆ ನಾಲ್ಕರ ಲೋಟದ ಕೆಲಸವೇ ಬೇರೆ. ಒಂದು ನಿದ್ದೆ ಬಿಡಿಸುತ್ತದೆ, ಇನ್ನೊಂದು ಹಸಿವು ಮರೆಸುತ್ತದೆ, ಮೂರನೆಯದು ಸಹೋದ್ಯೋಗಿಗಳ ಜೊತೆ ಹತ್ತು ನಿಮಿಷ ಮಾತಾಡಲು ನೆವ. ಆ ಕೆಲಸ ಯಾವುದೆಂದು ಗೊತ್ತಾಗದೆ ಬದಲಿ ಹುಡುಕಿದರೆ ಡಬ್ಬಿಗಳ ಮೇಲೆ ಡಬ್ಬಿ ಮನೆಗೆ ಬರುತ್ತವೆ, ಕಾಫಿ ಹಾಗೇ ಉಳಿಯುತ್ತದೆ. ಅದಕ್ಕೇ ನಾನು ಮೊದಲ ಭೇಟಿಯಲ್ಲಿ ಯಾವ ಪುಡಿಯನ್ನೂ ಬರೆದುಕೊಡುವುದಿಲ್ಲ. ಮೂರು ದಿನ ಕುಡಿದ ಪ್ರತಿ ಲೋಟದ ಹೊತ್ತು, ಅದಕ್ಕೆ ಮುಂಚೆ ಏನಾಗುತ್ತಿತ್ತು, ಒಂದು ಗಂಟೆ ಬಿಟ್ಟು ಹೇಗಿತ್ತು, ಇಷ್ಟನ್ನು ಬರೆದು ತನ್ನಿ ಅನ್ನುತ್ತೇನೆ.

ಹಾಗೆ ಬರೆದು ತಂದವರಲ್ಲಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರ ಪುಸ್ತಕ ನನಗೆ ಚೆನ್ನಾಗಿ ನೆನಪಿದೆ. ಮಕ್ಕಳ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ, ಉತ್ತರಪತ್ರಿಕೆ ತಿದ್ದುವ ಅದೇ ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಐದೂವರೆಗೆ ಎದ್ದ ತಕ್ಷಣ ಒಂದು. ಎಂಟೂವರೆಗೆ ತಿಂಡಿ ಜೊತೆ ಒಂದು. ಹನ್ನೊಂದಕ್ಕೆ ಸ್ಟಾಫ್ ರೂಮಿನಲ್ಲಿ ಒಂದು. ನಾಲ್ಕೂವರೆಗೆ ಮನೆಗೆ ಬಂದು ಒಂದು. ರಾತ್ರಿ ಏಳೂವರೆಗೆ ಪೇಪರ್ ತಿದ್ದುವಾಗ ಒಂದು. ಪುಡಿ ತವರುಮನೆಯ ತೋಟದ್ದು, ರೊಬಸ್ಟಾ ಹೆಚ್ಚು. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು ಎಂಬುದು ಕಾಫಿ ಬೆಳೆಯುವ ಮನೆಯಲ್ಲಿ ಹುಟ್ಟಿದ ಅವರಿಗೂ ಹೊಸ ಸಂಗತಿಯಾಗಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ಮೀರಬೇಡಿ ಅನ್ನುತ್ತದೆ ಆ ಮಾರ್ಗಸೂಚಿ. ಟೀಚರ್ ಅವರ ಲೋಟಕ್ಕೆ 100 ಅಂತ ಹಿಡಿದರೂ ದಿನಕ್ಕೆ 500 ಆಯಿತು.

ಕೆಫೀನ್ ಒಳಗೆ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಂಡರೆ ಬದಲಿ ಆರಿಸುವುದು ಸುಲಭ. ನಾವು ಎಚ್ಚರವಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತಾ ಹೋಗುತ್ತದೆ. ಅದು ಹೆಚ್ಚಿದಂತೆ ನಿದ್ದೆ ಒತ್ತಿಬರುತ್ತದೆ. ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ತಾನು ಕೂತುಬಿಡುತ್ತದೆ. ದಣಿವು ಇದ್ದಲ್ಲೇ ಇರುತ್ತದೆ, ದಣಿವಿನ ಸುದ್ದಿ ಮಾತ್ರ ತಲುಪುವುದಿಲ್ಲ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಹಿಡಿಯುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಬಸುರಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಇನ್ನೂ ನಿಧಾನ. ಹಾಗಾಗಿ ಏಳೂವರೆಗೆ ಕುಡಿದದ್ದರ ಅರ್ಧ ಭಾಗ ರಾತ್ರಿ ಹನ್ನೆರಡೂವರೆಗೂ ಟೀಚರ್ ಅವರ ಮೈಯಲ್ಲಿತ್ತು. ಐದೂವರೆಗೆ ಏಳುವಾಗ ಮಂಪರು ಇರದೆ ಇನ್ನೇನಿರುತ್ತದೆ?

ಈ ಕಾರಣಕ್ಕೇ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೆಫೀನ್ ಇಲ್ಲದ ಯಾವ ಪಾನೀಯವೂ ಕೆಫೀನಿನ ಹಾಗೆ ಎಬ್ಬಿಸುವುದಿಲ್ಲ. ಕಷಾಯವಾಗಲಿ, ರಾಗಿ ಮಾಲ್ಟ್ ಆಗಲಿ, ತುಳಸಿ ನೀರಾಗಲಿ ಆ ಕೆಲಸ ಮಾಡಲಾರವು. ಅವಕ್ಕೆ ಅವುಗಳದೇ ಬೇರೆ ಗುಣವಿದೆ. ಇನ್ನು ಗ್ರೀನ್ ಟೀ, ಮಾಚಾ ಇವೆಲ್ಲ ಅದೇ ಟೀ ಗಿಡದ ಎಲೆ. ಕೆಫೀನ್ ಕಾಫಿಗಿಂತ ಕಡಿಮೆ, ಜೊತೆಗೆ ಥಿಯನೈನ್ ಎಂಬ ಅಂಶ ಇರುವುದರಿಂದ ಕೆಲವರಿಗೆ ಎದೆಬಡಿತ ಏರದೆ ಗಮನ ನಿಲ್ಲುತ್ತದೆ. ಹನ್ನೊಂದು ಗಂಟೆಗೆ ಚೆನ್ನಾಗಿಯೇ ಒಗ್ಗುತ್ತದೆ. ಕಾಫಿ ಬಿಟ್ಟೆನೆಂದು ರಾತ್ರಿ ಊಟವಾದ ಮೇಲೆ ಗ್ರೀನ್ ಟೀ ಕುಡಿದು ನಿದ್ದೆ ಬರಲಿಲ್ಲ ಅನ್ನುವವರನ್ನು ಕಂಡಾಗ ಅವರಿಗೆ ಇದನ್ನು ಯಾರೂ ಹೇಳಲಿಲ್ಲವಲ್ಲ ಎಂದು ಬೇಜಾರಾಗುತ್ತದೆ.

ಟೀಚರ್ ಅವರ ಐದೂವರೆಯ ಲೋಟವನ್ನು ನಾನು ಮುಟ್ಟಲಿಲ್ಲ. ಅವರಿಗೆ ಆಶ್ಚರ್ಯವಾಯಿತು. ಎದ್ದ ಕೂಡಲೇ ಒಂದು ದೊಡ್ಡ ಲೋಟ ನೀರು, ಆಮೇಲೆ ಕಾಫಿ, ಅಷ್ಟೇ ಬದಲಾವಣೆ. ಎದೆಯುರಿ ಇರುವವರಿಗೆ ಬರಿಹೊಟ್ಟೆಯ ಕಾಫಿ ಬೇಡ ಅನ್ನುತ್ತೇನೆ, ಇವರಿಗೆ ಆ ತೊಂದರೆ ಇರಲಿಲ್ಲ. ನನ್ನ ಕಣ್ಣು ಬಿದ್ದದ್ದು ಎಂಟೂವರೆಯ ಲೋಟದ ಮೇಲೆ.

ಅವರ ಹಿಮೋಗ್ಲೋಬಿನ್ 9.8 ಇತ್ತು. ಹೆಂಗಸರಿಗೆ ಕನಿಷ್ಠ 12 ಇರಬೇಕು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟು ಎರಡು ತಿಂಗಳಾಗಿತ್ತು, ಅಂಕಿ ಮಾತ್ರ ಏರಿರಲಿಲ್ಲ. "ಮಾತ್ರೆ ಯಾವಾಗ ತಗೋತೀರಿ?" ಎಂದು ಕೇಳಿದೆ. "ಮರೀಬಾರದು ಅಂತ ತಿಂಡಿ ಆದ್ಮೇಲೆ ಕಾಫಿ ಜೊತೇಲೇ ನುಂಗಿಬಿಡ್ತೀನಿ ಮೇಡಂ" ಅಂದರು. ಶಿಸ್ತಿನ ಹೆಂಗಸು, ಒಂದು ದಿನವೂ ತಪ್ಪಿಸಿರಲಿಲ್ಲ. ನನಗೆ ಕೇಳಿ ಸಂಕಟವಾಯಿತು.

ಕಾಫಿ, ಟೀಯಲ್ಲಿರುವ ಪಾಲಿಫಿನಾಲ್‌ಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇ 39ರಷ್ಟು, ಟೀ ಕುಡಿದಾಗ ಶೇ 64ರಷ್ಟು ಇಳಿಯಿತು. ಊಟವಾಗಿ ಒಂದು ಗಂಟೆ ಬಿಟ್ಟು ಕಾಫಿ ಕುಡಿದರೂ ಅಷ್ಟೇ ಇಳಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಮಾತ್ರ ಏನೂ ತೊಂದರೆಯಾಗಲಿಲ್ಲ. ಈಗ ಐದೂವರೆಯ ಲೋಟಕ್ಕೆ ನಾನೇಕೆ ಕೈಹಾಕಲಿಲ್ಲ ಎಂಬುದು ಗೊತ್ತಾಗಿರಬೇಕು. ತಿಂಡಿ ಜೊತೆಯ ಕಾಫಿ ಬಿಟ್ಟು ಟೀ ಹಿಡಿಯುವವರು ಕಬ್ಬಿಣದ ಲೆಕ್ಕದಲ್ಲಿ ಇನ್ನಷ್ಟು ಕಳೆದುಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾಗಿ ಸುಸ್ತು, ಸುಸ್ತಿಗೆಂದು ಕಾಫಿ, ಕಾಫಿಯಿಂದ ಕಬ್ಬಿಣ ಇನ್ನೂ ಕಡಿಮೆ. ನಮ್ಮ ಎಷ್ಟು ಮನೆಗಳಲ್ಲಿ ಈ ಸುತ್ತು ನಡೆಯುತ್ತಿದೆಯೋ!

ತಿಂಡಿ ಜೊತೆಗೆ ಅವರಿಗೆ ಹೇಳಿದ್ದು ಬರೀ ಬಿಸಿನೀರು. ಅವಲಕ್ಕಿ, ಉಪ್ಪಿಟ್ಟಿನ ಮೇಲೆ ನಿಂಬೆಹಣ್ಣು ಹಿಂಡುವುದು, ಕಾಲಕ್ಕೆ ಸಿಕ್ಕಾಗ ನೆಲ್ಲಿಕಾಯಿ ಚಟ್ನಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಒಳಗೆ ಸೇರುತ್ತದೆ. ಮಾತ್ರೆಯನ್ನೂ ನಿಂಬೆರಸದ ನೀರಿನ ಜೊತೆ ತೆಗೆದುಕೊಂಡರು. ಥೈರಾಯ್ಡ್ ಮಾತ್ರೆಯವರಿಗೂ ಇದೇ ಎಚ್ಚರಿಕೆ: ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾದು ಕಾಫಿ ಕುಡಿಯಿರಿ. ಇಲ್ಲವಾದರೆ ಮಾತ್ರೆಯ ಪೂರ್ತಿ ಗುಣ ಮೈಗೆ ಸಿಗುವುದಿಲ್ಲ.

ಹನ್ನೊಂದರದು ಬೈಟು ಆಯಿತು. ಸ್ಟಾಫ್ ರೂಮಿನ ಗೆಳತಿಯ ಜೊತೆ ಒಂದೇ ಕಾಫಿ ಹಂಚಿಕೊಂಡರೆ ಮಾತು ಪೂರ್ತಿ, ಕೆಫೀನ್ ಅರ್ಧ. ಬೈಟು ಎಂಬ ನಮ್ಮ ಹೋಟೆಲುಗಳ ಪದ್ಧತಿಗಿಂತ ಒಳ್ಳೆಯ ಉಪಾಯ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ.

ನಾಲ್ಕೂವರೆಯ ಸಾಲಿನಲ್ಲಿ ಅವರೇ ಬರೆದಿದ್ದರು: "ಕಣ್ಣು ಕತ್ತಲೆ, ಸಿಟ್ಟು." ಮಧ್ಯಾಹ್ನದ ಡಬ್ಬಿ ಒಂದೂವರೆಗೆ, ಅನ್ನ ಸಾರು, ಅದೂ ಗಡಿಬಿಡಿಯಲ್ಲಿ. ಮೂರು ಗಂಟೆ ನಿಂತು ಪಾಠ ಮಾಡಿ ಬಂದ ಜೀವಕ್ಕೆ ಬೇಕಿದ್ದದ್ದು ಆಹಾರ. ಸಕ್ಕರೆ, ಹಾಲು ಬೆರೆಸದ ಕಾಫಿಯಲ್ಲಿ ಕ್ಯಾಲೊರಿ ಲೆಕ್ಕಕ್ಕೇ ಬರುವುದಿಲ್ಲ. ಎರಡು ಚಮಚ ಸಕ್ಕರೆ ಬಿದ್ದಾಗ ಬರುವ ಚೈತನ್ಯ ಆ ಸಕ್ಕರೆಯದು. ಐದು ಲೋಟಕ್ಕೆ ಹತ್ತು ಚಮಚ ಆಗುತ್ತದಲ್ಲ, ಅದನ್ನೂ ಲೆಕ್ಕ ಹಾಕಿ.

ರಾಗಿ ಮಾಲ್ಟ್ ಇಲ್ಲಿ ಬರಬೇಕು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ಎರಡು ಚಮಚ ಸಾಕು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಕುದಿಯುವ ನೀರಿಗೆ ಬಿಟ್ಟು ತಿರುವಿದರೆ ಐದು ನಿಮಿಷದಲ್ಲಿ ತಿಳಿಯಾಗಿ ಹೊಳೆಯುತ್ತದೆ. ಮೊಳಕೆಯ ರಾಗಿಗೆ ತನ್ನದೇ ಸಣ್ಣ ಸಿಹಿ ಇರುವುದರಿಂದ ಬೆಲ್ಲ ಕಡಿಮೆ ಸಾಕು. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಉಪ್ಪು, ಮಜ್ಜಿಗೆ ಹಾಕಿಕೊಳ್ಳಿ, ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಇರಲಿ. ಬರೀ ತೆಳು ಗಂಜಿ ಬೇಗ ಸಕ್ಕರೆ ಏರಿಸುತ್ತದೆ. ಕಬ್ಬಿಣದ ಮಾತ್ರೆಯ ಹೊತ್ತಿಗೆ ಮಾತ್ರ ರಾಗಿಯೂ ಬೇಡ, ಹಾಲೂ ಬೇಡ, ಇವೂ ಕಬ್ಬಿಣಕ್ಕೆ ಅಡ್ಡ ಬರುತ್ತವೆ. ಮಾಲ್ಟ್ ಎಂದು ಬರೆದ ಅಂಗಡಿಯ ಡಬ್ಬಿ ಕೊಳ್ಳುವ ಮುನ್ನ ಹಿಂಬದಿಯ ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಎಷ್ಟನೇ ಹೆಸರು ಅಂತ ನೋಡಿ, ಹೆಚ್ಚು ಇರುವುದನ್ನೇ ಮೊದಲು ಬರೆದಿರುತ್ತಾರೆ.

ಕೊನೆಗೆ ಏಳೂವರೆಯದು. ಅಲ್ಲಿ ಅವರಿಗೆ ಬೇಕಿದ್ದದ್ದು ಕೈಗೊಂದು ಬಿಸಿ ಲೋಟ, ಮೂಗಿಗೊಂದು ಘಮ. ಇದಕ್ಕೆ ಮಲೆನಾಡು, ಕರಾವಳಿಯ ಕಷಾಯದಷ್ಟು ಒಳ್ಳೆಯದು ಬೇರೆ ಇಲ್ಲ. ನಮ್ಮ ಮನೆಯ ಅಳತೆ ಹೇಳುತ್ತೇನೆ: ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಒಂದು ಪಾಲು ಸೋಂಪು, ಕಾಲು ಪಾಲು ಮೆಂತೆ, ಹತ್ತಿಪ್ಪತ್ತು ಕಾಳುಮೆಣಸು, ಒಂದು ತುಂಡು ಒಣಶುಂಠಿ. ಬೇರೆ ಬೇರೆಯಾಗಿ ಹುರಿಯಬೇಕು. ಮೆಂತೆ ಸ್ವಲ್ಪ ಹೆಚ್ಚು ಕೆಂಪಾದರೂ ಇಡೀ ಪುಡಿ ಕಹಿ. ಒಂದು ಚಮಚ ಪುಡಿ ನೀರಲ್ಲಿ ಚೆನ್ನಾಗಿ ಕುದಿದು ಸೋಸಿದ ಮೇಲೆ ಬಿಸಿ ಹಾಲು ಸೇರಿಸಿ. ಬೆಲ್ಲ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ, ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ಹಿತ್ತಲಲ್ಲಿ ಮಜ್ಜಿಗೆ ಹುಲ್ಲು ಇರುವವರು ಎರಡು ಎಸಳು ಹಾಕಿಕೊಳ್ಳಬಹುದು. ಜ್ಯೇಷ್ಠಮಧು ಬೆರೆಸಿದ ಪುಡಿಯನ್ನು ಬಿಪಿ ಇರುವವರು ದಿನವೂ ಕುಡಿಯಬಾರದು, ಅದು ರಕ್ತದೊತ್ತಡ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ.

"ಕಷಾಯ ಕುಡಿದ್ರೆ ತಲೆನೋವು ಬರುತ್ತೆ ಮೇಡಂ" ಎಂದು ಮೂರನೇ ದಿನಕ್ಕೇ ಫೋನ್ ಮಾಡುವವರಿದ್ದಾರೆ. ಆ ನೋವು ಕಷಾಯದ್ದಲ್ಲ. ದಿನವೂ ಕುಡಿಯುವವರು ಕಾಫಿಯನ್ನು ಒಮ್ಮೆಗೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಒಂದೆರಡು ದಿನದಲ್ಲಿ ಜೋರಾಗಿ, ಎಲ್ಲ ಇಳಿಯಲು ಒಂಬತ್ತು ದಿನವೂ ಹಿಡಿಯಬಹುದು. ಭಾನುವಾರ ತಡವಾಗಿ ಎದ್ದಾಗ ಟೀಚರ್ ಅವರಿಗೆ ಬರುತ್ತಿದ್ದ ತಲೆನೋವೂ ಇದೇ. ಹಾಗಾಗಿ ಮೂರು ನಾಲ್ಕು ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ಫಿಲ್ಟರಿನಲ್ಲಿ ಎರಡನೇ ಸಲ ಇಳಿಸಿದ ಡಿಕಾಕ್ಷನ್ ಬಳಸಿ, ಅದರಲ್ಲಿ ಕೆಫೀನ್ ಕಡಿಮೆ. ಇಲ್ಲವೇ ಚಿಕೋರಿಯ ಪಾಲು ಹೆಚ್ಚಿರುವ ಪುಡಿ ತನ್ನಿ. ಚಿಕೋರಿ ಒಂದು ಬೇರು, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅದರ ಪ್ರಮಾಣವನ್ನು ಪೊಟ್ಟಣದ ಮೇಲೇ ನಮೂದಿಸಿರುತ್ತಾರೆ. ಬಣ್ಣ, ಕಹಿ ಹಾಗೇ ಉಳಿದು ನಾಲಗೆಗೆ ಕೊರತೆ ಗೊತ್ತಾಗುವುದಿಲ್ಲ.

ಓದುವ ಮಕ್ಕಳ ತಂದೆತಾಯಿಗೆ ಒಂದು ಕೋರಿಕೆ. ಪರೀಕ್ಷೆಯ ಹೊತ್ತಿಗೆ ಎನರ್ಜಿ ಡ್ರಿಂಕ್ ತಂದುಕೊಡಬೇಡಿ. 250 ಮಿಲಿಯ ಡಬ್ಬಿಯಲ್ಲಿ ಸುಮಾರು ಒಂದು ಕಾಫಿಯಷ್ಟು ಕೆಫೀನ್, ಐದಾರು ಚಮಚ ಸಕ್ಕರೆ ಇರುತ್ತವೆ. ಮಕ್ಕಳಿಗೆ ಸೂಕ್ತವಲ್ಲ ಎಂದು ಆ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಅಶ್ವಗಂಧದ ಪುಡಿಯನ್ನೂ ಕಾಫಿಯ ಬದಲಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಥೈರಾಯ್ಡ್, ಲಿವರ್ ತೊಂದರೆ ಇರುವವರಿಗೂ ಬಸುರಿಯರಿಗೂ ಅದು ಅಪಾಯ ತರಬಹುದು.

ನಿದ್ದೆ ಸರಿಯಾಗಿ, ಊಟ ಸರಿಯಾಗಿ, ಕಾಫಿಯೂ ಮಿತವಾಗಿದ್ದು ಮತ್ತೂ ಸುಸ್ತು ಎನ್ನುವವರು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರು ಅದನ್ನು ವೈದ್ಯರಿಗೆ ತಪ್ಪದೆ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು.

ಟೀಚರ್ ಮೂರು ತಿಂಗಳು ಬಿಟ್ಟು ಬಂದಾಗ ಹಿಮೋಗ್ಲೋಬಿನ್ 11.6 ಆಗಿತ್ತು. ಐದೂವರೆಯ ಕಾಫಿ ಹಾಗೇ ಇದೆ, ಬೈಟು ಇದೆ, ಏಳೂವರೆಗೆ ಕಷಾಯ. ನಾಲ್ಕೂವರೆಗೆ ಮಾತ್ರ ವಾರದಲ್ಲಿ ಎರಡು ದಿನ ಕಾಫಿಯೇ ಬೇಕೆನಿಸುತ್ತದಂತೆ, ಅದನ್ನೂ ಕೆಂಪು ಪೆನ್ನಿನಲ್ಲಿ ಬರೆದು ತಂದಿದ್ದರು. ಫೆರಿಟಿನ್ ಇನ್ನೂ ಕಡಿಮೆ ಇರುವುದರಿಂದ ವೈದ್ಯರು ಮಾತ್ರೆಯನ್ನು ಮತ್ತೆ ಮೂರು ತಿಂಗಳು ಮುಂದುವರಿಸಿದ್ದಾರೆ.