ಹೆಮಾಂಜಿಯೋಮಾ: ಬೆನ್ನುಮೂಳೆಯೊಳಗಿನ ರಕ್ತನಾಳದ ಗೆಡ್ಡೆ

ಸೊಂಟನೋವಿಗೆಂದು ಎಂಆರ್‌ಐ ಮಾಡಿಸಿದವರ ರಿಪೋರ್ಟಿನಲ್ಲಿ ಆಗಾಗ ಕಾಣುವ ಪದ ಇದು. ಗ್ರೀಕ್ ಮೂಲದ್ದು: ‘ಹೆಮಾ’ ಎಂದರೆ ರಕ್ತ, ‘ಆಂಜಿಯೋ’ ನಾಳ, ‘ಓಮಾ’ ಗೆಡ್ಡೆ. ಬೆನ್ನುಮೂಳೆಯ ಒಂದೊಂದು ಎಲುಬಾದ ಕಶೇರುಮಣಿಯೊಳಗೆ ತೆಳುಗೋಡೆಯ ರಕ್ತನಾಳಗಳು ಗುಂಪುಗೂಡಿ, ನಡುನಡುವೆ ಕೊಬ್ಬು ತುಂಬಿಕೊಂಡಿರುತ್ತದೆ. ಇದು ಕ್ಯಾನ್ಸರ್ ಅಲ್ಲ, ಬೇರೆಡೆ ಹರಡುವುದೂ ಇಲ್ಲ. ಸುಮಾರು ಹತ್ತು ವಯಸ್ಕರಲ್ಲಿ ಒಬ್ಬರಿಗೆ ಇರುತ್ತದೆ. ಹೆಚ್ಚಿನವರಿಗೆ ಯಾವ ಚಿಕಿತ್ಸೆಯೂ ಬೇಡ. ಪದ ಕಂಡೊಡನೆ ಆಪರೇಷನ್ ಎಂದು ಹೆದರಬೇಕಾಗಿಲ್ಲ.

ಸಿಟಿ ಸ್ಕ್ಯಾನ್‌ನಲ್ಲಿ ಇದರ ಗುರುತು ಸ್ಪಷ್ಟ. ನಾಳಗಳು ಎಲುಬಿನ ಅಡ್ಡ ಎಳೆಗಳನ್ನು ಸವೆಸುತ್ತವೆ, ಉಳಿದ ಉದ್ದ ಎಳೆಗಳು ಭಾರ ಹೊರಲು ದಪ್ಪಗಾಗುತ್ತವೆ. ಪಕ್ಕದಿಂದ ನೋಡಿದರೆ ಅವು ಕಿಟಕಿಯ ಸರಳುಗಳಂತೆ, ಅಡ್ಡ ಸೀಳಿನಲ್ಲಿ ರಂಗೋಲಿಯ ಚುಕ್ಕಿಗಳಂತೆ ಕಾಣುತ್ತವೆ. ಎಂಆರ್‌ಐಯ ಟಿ1, ಟಿ2 ಎಂಬ ಎರಡೂ ಬಗೆಯ ಚಿತ್ರಗಳಲ್ಲಿ ಬೆಳ್ಳಗಿದ್ದರೆ ಕೊಬ್ಬು ಹೆಚ್ಚು, ಸಾಮಾನ್ಯವಾಗಿ ಗೆಡ್ಡೆ ಸುಮ್ಮನಿರುತ್ತದೆ. ಟಿ1ರಲ್ಲಿ ಕಪ್ಪಾಗಿ, ಎಲುಬು ದಾಟಿ ಹೊರಬಂದಿದ್ದರೆ ಎಚ್ಚರ ಬೇಕು. ಅಂಥವು ಹೆಚ್ಚಾಗಿ ಎದೆಭಾಗದ ಮಣಿಗಳಲ್ಲಿ ಬರುತ್ತವೆ. ಅಲ್ಲಿ ಬೆನ್ನುಹುರಿಯ ಕಾಲುವೆ ಕಿರಿದು, ಹೀಗಾಗಿ ಸಣ್ಣ ಉಬ್ಬೂ ಹುರಿಯನ್ನು ಒತ್ತುತ್ತದೆ. ಕಾಲು ಬಿಗಿಯುವುದು, ನಡಿಗೆ ತಪ್ಪುವುದು, ಮೂತ್ರ ಕಟ್ಟುವುದು ಇದರ ಲಕ್ಷಣಗಳು.

ನೋವು ಮಾತ್ರ ಇದ್ದು ಬೇರೆ ಕಾರಣ ಸಿಗದಿದ್ದರೆ ಸೂಜಿಯ ಮೂಲಕ ಮಣಿಯೊಳಗೆ ಬೋನ್ ಸಿಮೆಂಟ್ ತುಂಬುತ್ತಾರೆ. ವರ್ಟೆಬ್ರೊಪ್ಲಾಸ್ಟಿ ಎಂಬ ಈ ವಿಧಾನ ಹುಟ್ಟಿದ್ದೇ ಹೆಮಾಂಜಿಯೋಮಾಕ್ಕಾಗಿ. 1984ರಲ್ಲಿ ಫ್ರಾನ್ಸಿನ ಅಮಿಯೆನ್ಸ್‌ನಲ್ಲಿ ವೈದ್ಯರಾದ ಗಾಲಿಬೆರ್ ಮತ್ತು ದೆರಾಮೊಂ ಕತ್ತಿನ ಎರಡನೇ ಮಣಿಗೆ ಮೊದಲು ಮಾಡಿದರು. ಸಿಮೆಂಟ್ ನೀರಾಗಿದ್ದಾಗಲೇ ಒತ್ತಿದರೆ ರಕ್ತನಾಳ ಹಿಡಿದು ಶ್ವಾಸಕೋಶ ತಲುಪಬಹುದು, ಹಿಂದಕ್ಕೆ ಸೋರಿದರೆ ಹುರಿಯನ್ನೇ ಒತ್ತುತ್ತದೆ. ಆದ್ದರಿಂದ ಟೂತ್‌ಪೇಸ್ಟಿನ ಹದಕ್ಕೆ ಬರುವವರೆಗೆ ಕಾದು, ಎಕ್ಸ್‌ರೇ ಪರದೆ ನೋಡುತ್ತಲೇ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು.

ಹುರಿ ಒತ್ತಿಹೋಗಿದ್ದರೆ ತೆರೆದ ಶಸ್ತ್ರಚಿಕಿತ್ಸೆಯೇ ದಾರಿ. ಇಲ್ಲಿ ದೊಡ್ಡ ಅಪಾಯ ರಕ್ತಸ್ರಾವ. ಅದಕ್ಕಾಗಿ 24ರಿಂದ 48 ಗಂಟೆ ಮೊದಲು ತೊಡೆಸಂದಿನ ಅಪಧಮನಿಯಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಒಯ್ದು ಗೆಡ್ಡೆಗೆ ರಕ್ತ ತರುವ ನಾಳಗಳನ್ನು ಮುಚ್ಚುತ್ತಾರೆ. ಬೆನ್ನುಹುರಿಗೆ ರಕ್ತ ಕೊಡುವ ನಾಳವೂ ಅದೇ ಕವಲಿನಿಂದ ಹೊರಟಿದ್ದರೆ ಮುಚ್ಚಕೂಡದು, ಮುಚ್ಚಿದರೆ ಕಾಲಿಗೆ ಲಕ್ವ ಹೊಡೆಯಬಹುದು. ನಾಳ ಮುಚ್ಚಿದ ಮೇಲೆ ಆಪರೇಷನ್ ತಡವಾದರೆ ರಕ್ತಕ್ಕೆ ಹೊಸ ದಾರಿಗಳು ತೆರೆದುಕೊಂಡು ಮಾಡಿದ ಕೆಲಸ ವ್ಯರ್ಥವಾಗುತ್ತದೆ.

ರೋಗಿಯನ್ನು ಬೋರಲು ಮಲಗಿಸುವಾಗ ಹೊಟ್ಟೆ ಮೇಜಿಗೆ ಒತ್ತದೆ ತೂಗಾಡುತ್ತಿರಬೇಕು. ಒತ್ತಿದರೆ ಹುರಿಯ ಸುತ್ತಲ ಅಭಿಧಮನಿಗಳು ಉಬ್ಬಿ ರಕ್ತ ಇನ್ನಷ್ಟು ಹರಿಯುತ್ತದೆ. ಮಣಿಯ ಹಿಂಬದಿಯ ಕಮಾನು ತೆಗೆದು ಹುರಿಯನ್ನು ಸಡಿಲಿಸಿ, ಕಾಲುವೆಯೊಳಗಿನ ಗೆಡ್ಡೆಯನ್ನು ತೆಗೆದು, ಮಣಿಗೆ ಸಿಮೆಂಟ್ ತುಂಬಿದರೆ ಬಹುತೇಕ ಸಾಕು. ಮಣಿ ಕುಸಿದಿದ್ದರೆ ಸ್ಕ್ರೂ, ರಾಡ್ ಸೇರಿಸುತ್ತಾರೆ. ಇಡೀ ಮಣಿಯನ್ನೇ ಕಿತ್ತು ತೆಗೆಯುವ ಅಗತ್ಯ ಅಪರೂಪ. ಗೆಡ್ಡೆ ಉಳಿದರೆ ರೇಡಿಯೋಥೆರಪಿ ಇದೆ.

ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳಲ್ಲಿ ಗೆಡ್ಡೆ ಉಬ್ಬಿ ಲಕ್ಷಣ ಕಾಣಿಸುವುದುಂಟು. ತಿಂಗಳು ತುಂಬುತ್ತ ಬಂದಿದ್ದರೆ ಮೊದಲು ಹೆರಿಗೆ, ಆಮೇಲೆ ಆಪರೇಷನ್. ಕಾಲಿನ ಬಲ ಬೇಗಬೇಗ ಕುಂದುತ್ತಿದ್ದರೆ ಮಾತ್ರ ಕಾಯುವಂತಿಲ್ಲ.