ಕಾನ್ಫರೆನ್ಸ್: ಎದ್ದು ಹೋಗಲು ಅದೇನು ಸಮ್ಮೇಳನವೇ?

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು: ‘ಸಮ್ಮೇಳನ ತೊರೆದ ಅಮೆರಿಕದ ವಿಶ್ವವಿದ್ಯಾಲಯ’. ಪಕ್ಕದಲ್ಲಿ ಕುಳಿತಿದ್ದ ಚಿಕ್ಕಪ್ಪ ಶೀರ್ಷಿಕೆ ಓದಿ, ‘ಏಕಂತೆ, ವೇದಿಕೆಯ ಮೇಲೆ ಕುರ್ಚಿ ಹಾಕಲಿಲ್ಲವೇ?’ ಎಂದರು. ಅವರ ತಪ್ಪಲ್ಲ. ನಮಗೆ ಸಮ್ಮೇಳನವೆಂದರೆ ಮೆರವಣಿಗೆ, ಗೋಷ್ಠಿ, ಪುಸ್ತಕ ಮಳಿಗೆ, ಊಟದ ಸಾಲು, ಕೊನೆಗೆ ನಿರ್ಣಯ. ಮೂರು ದಿನ ನಡೆಯುತ್ತದೆ, ನಾಲ್ಕನೆಯ ದಿನ ಶಾಮಿಯಾನ ಬಿಚ್ಚುತ್ತಾರೆ. ಸುದ್ದಿಯಲ್ಲಿದ್ದ ಕಾನ್ಫರೆನ್ಸ್‌ಗೆ ಶಾಮಿಯಾನವೇ ಇಲ್ಲ. ಅದು ಕಾಲೇಜು ಕ್ರೀಡೆಗಾಗಿ ವಿಶ್ವವಿದ್ಯಾಲಯಗಳು ಕಟ್ಟಿಕೊಂಡ ಕೂಟ. ತಮ್ಮತಮ್ಮಲ್ಲಿ ಆಡುವುದಕ್ಕೆ ಒಂದು ವೇಳಾಪಟ್ಟಿ, ಒಂದು ಪ್ರಶಸ್ತಿ. ಅದಕ್ಕಿಂತ ಮುಖ್ಯವಾಗಿ, ಟಿವಿ ಹಕ್ಕು ಮಾರಿ ಬಂದ ದುಡ್ಡಿಗೆ ಒಂದೇ ಹುಂಡಿ.

‘ನಿಘಂಟಿನಲ್ಲಿ ಕಾನ್ಫರೆನ್ಸ್ ಎಂದರೆ ಸಮ್ಮೇಳನ ಎಂದೇ ಇದೆಯಲ್ಲ’ ಎನ್ನುವವರಿಗಾಗಿ ನಿಘಂಟಿಗೇ ಹೋಗೋಣ. ಲ್ಯಾಟಿನ್ನಿನ ‘ಕಾನ್’ ಎಂದರೆ ಕೂಡ, ‘ಫೆರ್ರೆ’ ಎಂದರೆ ಹೊರು, ತರು. ಈ ಫೆರ್ರೆಯೂ ಸಂಸ್ಕೃತದ ಭೃ ಧಾತುವೂ ಒಂದೇ ಬೇರಿನವು. ನಮ್ಮ ಭಾರ, ಭರಿಸು, ಭೃತ್ಯ ಎಲ್ಲ ಆ ಮನೆಯವರೇ. ‘ಕಾನ್’ ಇದ್ದಲ್ಲಿ ‘ಸಂ’ ಇಟ್ಟು ನೋಡಿ: ಸಂಭಾರ. ಅದರ ತದ್ಭವ ಸಂಬಾರ, ಅಡುಗೆಮನೆಯ ಡಬ್ಬಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಣಸು, ಲವಂಗ ಒಂದೊಂದು ಬಟ್ಟಲಲ್ಲಿ ಕುಳಿತಿರುತ್ತವಲ್ಲ, ಅದೇ. ಅಂದರೆ ಧಾತುವಿನ ಮಟ್ಟಿಗೆ ಕಾನ್ಫರೆನ್ಸ್‌ನ ನೆಂಟ ಸಂಬಾರವೇ ಹೊರತು ಸಮ್ಮೇಳನವಲ್ಲ. ಸಮ್ಮೇಳನ ಹುಟ್ಟಿದ್ದು ‘ಮಿಲ್’ ಧಾತುವಿನಿಂದ. ಅಲ್ಲಿ ಸುಮ್ಮನೆ ಕೂಡಿದರೆ ಸಾಕು. ಇಲ್ಲಿ ಏನಾದರೂ ಹೊತ್ತು ತಂದು ಹಾಕಬೇಕು.

ಒಂದನ್ನು ಮಾತ್ರ ಒಪ್ಪಿಕೊಳ್ಳಬೇಕು. ಈ ಕೂಟಗಳಿಗೆ ಕಾನ್ಫರೆನ್ಸ್ ಎಂಬ ಹೆಸರು ಅಂಟಿದ್ದು ನಿಜಕ್ಕೂ ಸಭೆಯಿಂದಲೇ. 1895ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷರ ಕರೆಯ ಮೇರೆಗೆ ಏಳು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಷಿಕಾಗೋದಲ್ಲಿ ಸೇರಿದರು. ಮರುವರ್ಷ ಅಧ್ಯಾಪಕ ಪ್ರತಿನಿಧಿಗಳ ಸಭೆಯಾಗಿ ಅದು ರೂಪುಗೊಂಡಿತು. ಇಂದಿನ ‘ಬಿಗ್ ಟೆನ್’ ಅದೇ. ಸಭೆ ಎಂದೋ ಮುಗಿದಿದೆ, ಹೆಸರು ಉಳಿದಿದೆ. ಹೆಸರಿನಲ್ಲಿ ಹತ್ತು, ಸದಸ್ಯರು ಹದಿನೆಂಟು. ಕಾಂಗ್ರೆಸ್ ಎಂಬ ಮಾತಿಗೂ ಮೂಲದಲ್ಲಿ ಸಭೆ ಎಂದೇ ಅರ್ಥ. ಆದರೂ ಯಾರಾದರೂ ಕಾಂಗ್ರೆಸ್ ಬಿಟ್ಟರೆ ‘ಸಭೆಯಿಂದ ಹೊರನಡೆದರು’ ಎಂದು ನಾವು ಬರೆಯುವುದಿಲ್ಲ. ಅಲ್ಲಿರುವ ಎಚ್ಚರ ಇಲ್ಲೇಕೆ ಇಲ್ಲ?

‘ಒಕ್ಕೂಟ’ ಎಂಬ ಪದ ಕೈಗೆಟುಕುವಲ್ಲೇ ಇದೆ. ಹಾಲು ಒಕ್ಕೂಟ ಗೊತ್ತಿದ್ದವರಿಗೆ ಬೇರೆ ವಿವರಣೆಯೇ ಬೇಡ. ಬಹುತೇಕ ಕಾನ್ಫರೆನ್ಸ್‌ಗಳಲ್ಲಿ ಯಾರ ಹಾಲು ಎಷ್ಟು ಗಟ್ಟಿ ಎಂದು ನೋಡದೆ ಹಳೆಯ ಸದಸ್ಯರಿಗೆಲ್ಲ ಸಮಪಾಲು ಕೊಡುವುದು ರೂಢಿ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ ಕ್ಲೆಮ್ಸನ್ ಮತ್ತು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಗಳು ತಮಗೆ ಬರುವ ಪಾಲು ಸಾಲದೆಂದು, ಕೂಟ ಬಿಟ್ಟರೆ ತೆರಬೇಕಾದ ದಂಡದ ವಿರುದ್ಧ ನ್ಯಾಯಾಲಯದವರೆಗೂ ಹೋದವು. 2025ರ ರಾಜಿಯಲ್ಲಿ ಹಣದ ಒಂದು ಭಾಗವನ್ನು ಟಿವಿ ವೀಕ್ಷಕರ ಸಂಖ್ಯೆ ನೋಡಿ ಹಂಚುವುದೆಂದಾಯಿತು. ಫ್ಯಾಟ್ ನೋಡಿ ದರ ಕಟ್ಟುವ ಪದ್ಧತಿ, ಅಷ್ಟೇ.

ಇನ್ನೊಂದು ತಪ್ಪನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾನ್ಫರೆನ್ಸ್ ಬದಲಿಸಿದರೆ ‘ವಿಶ್ವವಿದ್ಯಾಲಯದ ಸ್ಥಳಾಂತರ’ ಎಂದು ಬರೆಯುವವರಿದ್ದಾರೆ. ಒಂದು ಇಟ್ಟಿಗೆಯೂ ಕದಲುವುದಿಲ್ಲ. ಪೆಸಿಫಿಕ್ ಕರಾವಳಿಯ ಸ್ಟ್ಯಾನ್‌ಫರ್ಡ್ ಮತ್ತು ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ (‘ಕ್ಯಾಲ್’) 2024ರಿಂದ ‘ಅಟ್ಲಾಂಟಿಕ್ ಕೋಸ್ಟ್’ನ ಸದಸ್ಯರು. ಕದಲುವವರು ಆಟಗಾರರು ಮಾತ್ರ. ಅದರಲ್ಲೂ ಫುಟ್‌ಬಾಲ್ (ಅಮೆರಿಕದ್ದು, ನಮ್ಮ ಕಾಲ್ಚೆಂಡಲ್ಲ) ತಂಡಕ್ಕೆ ವಾರಕ್ಕೊಂದೇ ಪಂದ್ಯ. ಫುಟ್‌ಬಾಲ್‌ನ ಟಿವಿ ಹಣಕ್ಕಾಗಿ ಮಾಡಿದ ಈ ಬದಲಾವಣೆಗೆ ವಾರಕ್ಕೆರಡು ಪಂದ್ಯವಾಡುವ ವಾಲಿಬಾಲ್ ಹುಡುಗಿಯರು ಖಂಡ ದಾಟಬೇಕು. ಕ್ರೀಡಾ ವಿಭಾಗದ ಬಜೆಟ್ಟಿನಲ್ಲಿ ಪ್ರಯಾಣದ ಬಾಬ್ತು ಏಕೆ ಉಬ್ಬುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಹೊಸ ಕೂಟ ಸೇರಿದ ಕೂಡಲೇ ಹುಂಡಿ ಪೂರ್ತಿ ತೆರೆಯುತ್ತದೆ ಎಂಬುದೂ ಭ್ರಮೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯ 2012ರಲ್ಲಿ ಹಣವಿಲ್ಲದೆ ಏಳು ತಂಡಗಳನ್ನೇ ಮುಚ್ಚಿತ್ತು. ಅದೇ ವರ್ಷ ಬಿಗ್ ಟೆನ್‌ಗೆ ಹೋಗುವುದಾಗಿ ಘೋಷಿಸಿತು. ಹಳೆಯ ಕೂಟಕ್ಕೆ ಬಿಡುಗಡೆಯ ಬಾಬ್ತು 3.1 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲ್ ಮೊದಲ ಏಳು ವರ್ಷ ಟಿವಿ ಪಾಲಿನ ಶೇ. 30 ಮಾತ್ರ ಪಡೆಯಲು ಒಪ್ಪಿ ಬಂದವು. ಎದುರಾಳಿಗೆ ಪೂರ್ಣ ಪಾಲು, ಹೊಸಬರಿಗೆ ಕಾಲು ಚಿಲ್ಲರೆ. ಮೈದಾನದಲ್ಲಿ ಮಾತ್ರ ಸಮಬಲದ ಪೈಪೋಟಿ ನಡೆಯಬೇಕು. 2014ರಲ್ಲಿ ಬಿಗ್ ಟೆನ್ ಸೇರಿದ ರಟ್‌ಗರ್ಸ್ ಫುಟ್‌ಬಾಲ್ ತಂಡ ಮೊದಲ ಹತ್ತು ಋತುಗಳಲ್ಲಿ ಒಮ್ಮೆಯೂ ಕೂಟದೊಳಗೆ ಸೋಲಿಗಿಂತ ಹೆಚ್ಚು ಗೆಲುವು ಕಾಣಲಿಲ್ಲ.

ಹಾಗಾದರೆ ಹಣವಿಲ್ಲದವರು ಸೋಲಲೇಬೇಕೇ? ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವನ್ನು ನೋಡಿ. ಒಂಬತ್ತು ವರ್ಷ ಟಿವಿ ಹಣದಲ್ಲಿ ಒಂದು ಪೈಸೆಯೂ ಬೇಡ ಎಂದು ಬರೆದುಕೊಟ್ಟು ಅಟ್ಲಾಂಟಿಕ್ ಕೋಸ್ಟ್ ಸೇರಿತು. ಮೊದಲ ವರ್ಷವೇ ಕೂಟದ ಎಂಟಕ್ಕೆ ಎಂಟು ಲೀಗ್ ಪಂದ್ಯಗಳನ್ನೂ ಗೆದ್ದಿತು. ಪವಾಡವೇನಲ್ಲ. ಅದರ ಬೆನ್ನಿಗೆ ಸಿರಿವಂತ ಹಳೆಯ ವಿದ್ಯಾರ್ಥಿಗಳಿದ್ದಾರೆ. ಸದಸ್ಯತ್ವ ಖಚಿತವಾದ ಕೆಲವೇ ದಿನಗಳಲ್ಲಿ 10 ಕೋಟಿ ಡಾಲರ್ ಕೂಡಿಸಿಕೊಟ್ಟರು. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟದ್ದಕ್ಕೆ 1987ರಲ್ಲಿ ಇಡೀ ಋತು ಬಾಗಿಲು ಹಾಕಿಸಿಕೊಂಡದ್ದೂ ಇದೇ ತಂಡ. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ತಮ್ಮ ಆಟಗಾರರಿಗೆ ಬಹಿರಂಗವಾಗಿ ಹಣ ಹಂಚಬಹುದು, ಮೊದಲ ವರ್ಷದ ಮಿತಿ ಒಟ್ಟು 2.05 ಕೋಟಿ ಡಾಲರ್. ಅಂದಿನ ಅಪರಾಧಕ್ಕೆ ಇಂದು ಬಜೆಟ್ಟಿನಲ್ಲಿ ಒಂದು ಸಾಲು.

ಇಷ್ಟೆಲ್ಲ ಹೇಳಿದ ಮೇಲೂ ಚಿಕ್ಕಪ್ಪನ ಮುಖದಲ್ಲಿ ಸಂಶಯವಿತ್ತು. ಕೊನೆಗೆ ಕ್ಯಾಲಿಫೋರ್ನಿಯಾದ ಪ್ರಕರಣ ಹೇಳಿದೆ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಮತ್ತು ಬರ್ಕಲಿ ಒಂದೇ ವಿಶ್ವವಿದ್ಯಾಲಯ ವ್ಯವಸ್ಥೆಯ ಮಕ್ಕಳು. ಯುಸಿಎಲ್‌ಎ ಇಬ್ಬರೂ ಇದ್ದ ಹಳೆಯ ಕೂಟ ಬಿಟ್ಟು ಬಿಗ್ ಟೆನ್‌ಗೆ ಹೋಯಿತು, ಕೂಟ ಒಡೆಯಿತು, ಬರ್ಕಲಿಯ ಆದಾಯ ಕುಸಿಯಿತು. ಆಡಳಿತ ಮಂಡಳಿ 2024ರಲ್ಲಿ ಯುಸಿಎಲ್‌ಎಗೆ ಹೇಳಿದ್ದು: ಮೂರು ವರ್ಷ, ವರ್ಷಕ್ಕೆ ಒಂದು ಕೋಟಿ ಡಾಲರ್ ಬರ್ಕಲಿಗೆ ಕೊಡು. ಅಲ್ಲಿನವರು ಇದಕ್ಕೆ ‘ಕ್ಯಾಲಿಮನಿ’ ಎಂದು ಹೆಸರಿಟ್ಟರು. ಅಲಿಮನಿ ಎಂದರೆ ಜೀವನಾಂಶ, ಇದು ಕ್ಯಾಲ್‌ಗೆ ಸಲ್ಲುವ ಜೀವನಾಂಶ.

‘ಜೀವನಾಂಶವೇ?’ ಎಂದು ಚಿಕ್ಕಪ್ಪ ಕನ್ನಡಕ ತೆಗೆದರು. ‘ಹಾಗಿದ್ದರೆ ಸಂಸಾರ ಎಂದೇ ಬರೆಯಬಹುದಿತ್ತಲ್ಲ.’