ಪದ ಪರಿಚಯ: ಮಿದುಳು ಚಿತ್ರಣ ಮತ್ತು ಅರೆತಲೆನೋವು

ತಲೆಬುರುಡೆಯನ್ನು ತೆರೆಯದೆಯೇ ಮಿದುಳಿನ ರೂಪವನ್ನೋ ಅದರ ಕೆಲಸವನ್ನೋ ಯಂತ್ರದ ನೆರವಿನಿಂದ ಚಿತ್ರವಾಗಿ ಪಡೆಯುವ ವಿಧಾನಗಳಿಗೆಲ್ಲ ಒಟ್ಟಾಗಿ ‘ಮಿದುಳು ಚಿತ್ರಣ’ ಎನ್ನುತ್ತಾರೆ. ನಮ್ಮ ಮಲೆನಾಡಿನ ಕಡೆ ಬಳಕೆಯಲ್ಲಿರುವ ಮಾತು ‘ತಲೆ ಸ್ಕ್ಯಾನಿಂಗ್’. ಈ ಒಂದು ಹೆಸರಿನಡಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ. ಅವುಗಳ ವ್ಯತ್ಯಾಸ ತಿಳಿಯದಿರುವುದರಿಂದಲೇ ಮೈಗ್ರೇನ್, ಅಂದರೆ ಅರೆತಲೆನೋವು ಇರುವವರು ಕೇಳಬಾರದ ಮಾತುಗಳನ್ನು ಕೇಳಬೇಕಾಗುತ್ತದೆ.

ತೀರ್ಥಹಳ್ಳಿ ಸೀಮೆಯಲ್ಲಿರುವ ನನ್ನ ಚಿಕ್ಕಮ್ಮನಿಗೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಭಯ. ರಾತ್ರಿ ನಿದ್ದೆಗೆಟ್ಟ ಮರುದಿನ ಹಂಡೆಯಲ್ಲಿ ಬೇಯುವ ಅಡಿಕೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಬಲಗಣ್ಣಿನ ಮೇಲೆ ಮಿಡಿಯುವ ನೋವು ಹುಟ್ಟಿ, ವಾಂತಿಯಾಗಿ, ಬೆಳಕನ್ನೂ ಪಾತ್ರೆಯ ಸದ್ದನ್ನೂ ಸಹಿಸಲಾರದೆ ಕತ್ತಲೆ ಕೋಣೆ ಸೇರುತ್ತಿದ್ದರು. ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದಾಗ ವರದಿಯಲ್ಲಿ ಯಾವ ದೋಷವೂ ಇರಲಿಲ್ಲ. ಗೆಡ್ಡೆ ಇಲ್ಲವೆಂದು ಮನೆಯವರಿಗೆ ಸಮಾಧಾನವಾಯಿತು. ಅದರ ಬೆನ್ನಿಗೇ ‘ಸ್ಕ್ಯಾನಿಂಗಲ್ಲೇ ಏನೂ ಇಲ್ಲ ಅಂತ ಬಂದಿದೆ, ಮತ್ತೆ ಮಲಗೋದು ಯಾಕೆ?’ ಎಂಬ ಪ್ರಶ್ನೆಯೂ ಹುಟ್ಟಿತು. ಆ ಪ್ರಶ್ನೆ ಅವರನ್ನು ನೋವಿಗಿಂತ ಹೆಚ್ಚಾಗಿ ಕುಗ್ಗಿಸಿದ್ದನ್ನು ನಾನು ಕಂಡಿದ್ದೇನೆ.

ಶಿವಮೊಗ್ಗದವರಿಗೆ ಕೋರ್ಪಲಯ್ಯನ ಛತ್ರದ ಬಳಿಯ ತುಂಗೆಯ ಮಂಟಪ ಗೊತ್ತು. ಮಳೆಗಾಲದಲ್ಲಿ ಅದು ಮುಳುಗಿದರೆ ಹೊಳೆ ತುಂಬಿತೆಂದೇ ಲೆಕ್ಕ. ಅದೇ ಮಂಟಪದ ಚಿತ್ರವನ್ನು ಮಾರ್ಚ್ ತಿಂಗಳಲ್ಲಿ ತೆಗೆದರೆ ಕಲ್ಲು, ಕಂಬ, ಚಾವಣಿ ಎಲ್ಲವೂ ನೆಟ್ಟಗಿರುವುದು ಕಾಣುತ್ತದೆಯೇ ಹೊರತು ಪ್ರವಾಹ ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮಾಡುವ ಎಂಆರ್‌ಐ ಅಂಥ ಚಿತ್ರ. ಅದು ಮಿದುಳಿನ ರಚನೆಯನ್ನು ತೋರಿಸುತ್ತದೆ. ಗೆಡ್ಡೆ, ರಕ್ತಸ್ರಾವ, ಹಳೆಯ ಗಾಯದಂಥವನ್ನು ಹುಡುಕುವುದು ಅದರ ಕೆಲಸ. ಮೈಗ್ರೇನ್ ಆದರೋ ಬಂದು ಹೋಗುವ ಒಂದು ವಿದ್ಯಮಾನ. ಚಿಕಿತ್ಸೆ ಸಿಗದಿದ್ದರೆ ಅದರ ತಲೆನೋವು 4ರಿಂದ 72 ಗಂಟೆಗಳವರೆಗೆ ಇರಬಹುದು. ಅದನ್ನು ಕಾಣಬೇಕಾದರೆ ರಚನೆಯನ್ನಲ್ಲ, ಕ್ರಿಯೆಯನ್ನು ಚಿತ್ರಿಸಬೇಕು.

ಆ ಎರಡನೆಯ ಬಗೆಯೇ ಕ್ರಿಯಾತ್ಮಕ ಚಿತ್ರಣ. ಪೆಟ್ ಸ್ಕ್ಯಾನಿನಲ್ಲಿ ಅಲ್ಪ ಪ್ರಮಾಣದ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಸೇರಿಸಿ, ಅದು ಎಲ್ಲಿ ಹೆಚ್ಚು ಸೇರುತ್ತದೆಂದು ಅಳೆಯುತ್ತಾರೆ. ಕ್ರಿಯಾತ್ಮಕ ಎಂಆರ್‌ಐ, ಅಂದರೆ ಎಫ್‌ಎಂಆರ್‌ಐಗೆ ಅದು ಬೇಕಿಲ್ಲ. ಮಿದುಳಿನ ಒಂದು ಭಾಗ ದುಡಿಯತೊಡಗಿದಾಗ ಅಲ್ಲಿಗೆ ಹರಿದುಬರುವ ರಕ್ತ ಆ ಭಾಗ ಬಳಸುವುದಕ್ಕಿಂತಲೂ ಹೆಚ್ಚು ಆಮ್ಲಜನಕವನ್ನು ತರುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿಗೂ ಅದನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನಿಗೂ ಕಾಂತಗುಣ ಬೇರೆಯಾದ್ದರಿಂದ ಯಂತ್ರಕ್ಕೆ ಸಿಗುವ ಸಂಕೇತ ಬದಲಾಗುತ್ತದೆ. ಸೆಯ್ಜಿ ಒಗಾವಾ ಮತ್ತು ಅವರ ಸಂಗಡಿಗರು 1990ರಲ್ಲಿ ಈ ತತ್ತ್ವವನ್ನು ತೋರಿಸಿಕೊಟ್ಟರು. ಪತ್ರಿಕೆಗಳಲ್ಲಿ ಕಾಣುವ ಕೆಂಪು, ಹಳದಿ ಬಣ್ಣಗಳು ಮಿದುಳಿನ ಬಣ್ಣಗಳಲ್ಲ, ಈ ಬದಲಾವಣೆಯ ಲೆಕ್ಕವನ್ನು ಗಣಕಯಂತ್ರ ಬಣ್ಣದಲ್ಲಿ ಬರೆದದ್ದು.

ಮೈಗ್ರೇನ್ ಇರುವವರಲ್ಲಿ ಕೆಲವರಿಗೆ ತಲೆನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಮಿನುಗುವ ಗೆರೆಗಳು ಕಾಣಿಸಿ, ನಿಧಾನವಾಗಿ ಬದಿಗೆ ಸರಿಯುತ್ತ, ತಾವು ಹಾದುಹೋದಲ್ಲಿ ಮಂಜು ಕವಿದಂಥ ಜಾಗವನ್ನು ಬಿಟ್ಟುಹೋಗುತ್ತವೆ. ಇದಕ್ಕೆ ಔರಾ ಎಂದು ಹೆಸರು. ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತಮಗೇ ಬರುತ್ತಿದ್ದ ಔರಾವನ್ನು ಕಾಗದದ ಮೇಲೆ ಗುರುತು ಹಾಕಿ, ಮಿದುಳಿನ ಹೊರಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತಿರಬೇಕೆಂದು 1941ರಲ್ಲಿ ಅಂದಾಜು ಮಾಡಿದರು. 1944ರಲ್ಲಿ ಬ್ರೆಜಿಲಿನ ಅರಿಸ್ಟಿಡಿಸ್ ಲಿಯಾವೊ, ಮೈಗ್ರೇನನ್ನು ಹುಡುಕದೆ ಬೇರೆ ಪ್ರಯೋಗದಲ್ಲಿ ತೊಡಗಿದ್ದಾಗ, ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ಹಬ್ಬುವ, ನರಕೋಶಗಳನ್ನು ಸ್ವಲ್ಪ ಹೊತ್ತು ಸ್ತಬ್ಧಗೊಳಿಸುವ ಅಲೆಯನ್ನು ಕಂಡರು. ಇಬ್ಬರೂ ಕಂಡದ್ದು ಒಂದೇ ಎಂಬುದಕ್ಕೆ ಮನುಷ್ಯರಲ್ಲಿ ಸಾಕ್ಷಿ ಬೇಕಿತ್ತು. 1981ರಲ್ಲಿ ಡೆನ್ಮಾರ್ಕಿನ ಯೆಸ್ ಒಲೆಸೆನ್ ಮತ್ತು ಸಂಗಡಿಗರು ಔರಾದ ಸಮಯದಲ್ಲಿ ರಕ್ತದ ಹರಿವಿನ ಇಳಿಕೆ ತಲೆಯ ಹಿಂಭಾಗದಿಂದ ಮುಂದಕ್ಕೆ ಹಬ್ಬುವುದನ್ನು ಅಳೆದರು. 2001ರಲ್ಲಿ ನುಷಿನ್ ಹಜಿಖಾನಿ ಮತ್ತು ಸಂಗಡಿಗರು, ವ್ಯಾಯಾಮ ಮಾಡಿದರೆ ಔರಾ ಬರುತ್ತಿದ್ದ ಒಬ್ಬ ವ್ಯಕ್ತಿಯನ್ನು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ದೃಷ್ಟಿಗೆ ಸಂಬಂಧಿಸಿದ ಹೊರಪದರದಲ್ಲಿ ಆ ಅಲೆ ನಿಮಿಷಕ್ಕೆ ಸುಮಾರು 3.5 ಮಿಲಿಮೀಟರ್ ವೇಗದಲ್ಲಿ ಸಾಗುವುದನ್ನು ದಾಖಲಿಸಿದರು. ಅದಕ್ಕೂ ಅರುವತ್ತು ವರ್ಷ ಮೊದಲು ಒಬ್ಬರು ತಮ್ಮದೇ ಔರಾದ ನಡುವೆ ಪೆನ್ಸಿಲ್ಲು ಹಿಡಿದು ಹಾಕಿದ ಲೆಕ್ಕ ಯಂತ್ರದ ಅಳತೆಯ ಇಷ್ಟು ಸಮೀಪಕ್ಕೆ ಬಂದದ್ದು ನನಗೆ ಇಂದಿಗೂ ಬೆರಗು.

ರಕ್ತನಾಳ ಮೊದಲು ಕುಗ್ಗಿ, ಬಳಿಕ ಹಿಗ್ಗುವುದೇ ಮೈಗ್ರೇನ್ ಎಂಬ ಹಳೆಯ ನಂಬಿಕೆಯೂ ಚಿತ್ರಣದಿಂದಲೇ ಸಡಿಲವಾಯಿತು. 1995ರ ಒಂದು ಪೆಟ್ ಅಧ್ಯಯನದಲ್ಲಿ, ತಾನಾಗಿ ಬಂದ ನೋವಿನ ಸಮಯದಲ್ಲಿ ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳುಕಾಂಡ ಚುರುಕಾಗಿದ್ದದ್ದು ಕಂಡಿತು. ಔಷಧದಿಂದ ನೋವು ಇಳಿದ ಮೇಲೂ ಆ ಚುರುಕು ಉಳಿದಿತ್ತು, ಅಂದರೆ ಅದು ಬರೀ ನೋವಿಗೆ ಬಂದ ಪ್ರತಿಕ್ರಿಯೆಯಾಗಿರಲಿಲ್ಲ. ನೋವು ಶುರುವಾಗುವುದಕ್ಕೂ ಹಿಂದಿನ ಹೊತ್ತಿಗೆ ಹೋಗಿ ಹುಡುಕಿದ್ದು 2016ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನ. ಅದರಲ್ಲಿ ಒಬ್ಬರೇ ರೋಗಿ 30 ದಿನ ಪ್ರತಿದಿನವೂ ಯಂತ್ರದೊಳಗೆ ಮಲಗಿದರು. ನೋವು ಆರಂಭವಾಗುವ ಹಿಂದಿನ 24 ಗಂಟೆಗಳಲ್ಲಿ ಹೈಪೊಥಲಾಮಸ್ಸಿನ ವರ್ತನೆ ಬದಲಾಗಿದ್ದದ್ದು ಕಂಡುಬಂತು. ನಿದ್ದೆ, ಹಸಿವು, ಬಾಯಾರಿಕೆಗಳನ್ನು ನಡೆಸುವ ಭಾಗ ಅದು. ನೋವಿನ ಹಿಂದಿನ ದಿನ ಎಡೆಬಿಡದ ಆಕಳಿಕೆ, ಸಿಹಿಯ ಮೇಲಿನ ಆಸೆ, ಸಿಡುಕು ಯಾಕೆ ಬರುತ್ತವೆಂಬುದಕ್ಕೆ ಇಲ್ಲೊಂದು ಸುಳಿವಿದೆ. ‘ನಿನ್ನೆ ಹೋಳಿಗೆ ತಿಂದದ್ದೇ ತಪ್ಪಾಯಿತು’ ಎಂದು ಕೊರಗುವವರಲ್ಲಿ ಕೆಲವರಿಗಾದರೂ ಹೋಳಿಗೆಯ ಆಸೆಯೇ ಆಗಲೇ ಶುರುವಾಗಿದ್ದ ಮೈಗ್ರೇನಿನ ಮೊದಲ ಲಕ್ಷಣವಾಗಿದ್ದಿರಬಹುದು.

ಇಂಥ ಅಧ್ಯಯನ ಸುಲಭದ್ದಲ್ಲ. ನೋವು ಹೇಳಿ ಬರುವುದಿಲ್ಲ. ಬಂದಾಗ ಸದ್ದನ್ನೂ ಅಲುಗಾಟವನ್ನೂ ತಾಳಲಾರದವರನ್ನು ಗಟ್ಟಿಯಾಗಿ ಬಡಿಯುವ ಯಂತ್ರದೊಳಗೆ ಅಲುಗಾಡದೆ ಮಲಗಿ ಎನ್ನಬೇಕು. ಆ ಕಾರಣಕ್ಕೆ ಬಹಳಷ್ಟು ಅಧ್ಯಯನಗಳು ನೋವಿಲ್ಲದ ದಿನಗಳಲ್ಲೇ ನಡೆಯುತ್ತವೆ, ಅವುಗಳ ಫಲಿತಾಂಶವೂ ಗುಂಪಿನ ಸರಾಸರಿಯಾಗಿರುತ್ತದೆ. ಒಬ್ಬ ವ್ಯಕ್ತಿಯ ಎಫ್‌ಎಂಆರ್‌ಐ ನೋಡಿ ಮೈಗ್ರೇನ್ ಇದೆ ಅಥವಾ ಇಲ್ಲ ಎಂದು ಹೇಳುವ ಪದ್ಧತಿ ಚಿಕಿತ್ಸೆಯಲ್ಲಿ ಇಲ್ಲ. ರೋಗನಿರ್ಣಯ ಇಂದಿಗೂ ರೋಗಿ ಹೇಳುವ ಮಾತನ್ನು ಕೇಳಿ, ಪರೀಕ್ಷಿಸಿ ಮಾಡುವಂಥದ್ದೇ. ಚಿಕ್ಕಮ್ಮನ ವಿಷಯದಲ್ಲೂ ಕಾಯಿಲೆ ತಿಳಿದದ್ದು ನೋವು ಬಂದ ದಿನಗಳನ್ನು ಅವರು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು ಹೋದ ಮೇಲೆ.

ಹಾಗೆಂದು ಸ್ಕ್ಯಾನಿಂಗ್ ಬೇಡವೆಂದಲ್ಲ. ಸಿಡಿಲು ಬಡಿದಂತೆ ಒಮ್ಮೆಲೇ ಬರುವ ಅತಿ ತೀವ್ರ ತಲೆನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಐವತ್ತರ ನಂತರ ಹೊಸದಾಗಿ ಹುಟ್ಟಿದ ತಲೆನೋವು, ಇವಕ್ಕೆ ತಡಮಾಡದೆ ವೈದ್ಯರನ್ನು ಕಾಣಬೇಕು, ಅವರು ಹೇಳಿದ ಚಿತ್ರಣ ಮಾಡಿಸಬೇಕು.

ವರದಿಯಲ್ಲಿ ಬರುವ ‘ಬಿಳಿ ಚುಕ್ಕೆಗಳು’, ಅಂದರೆ ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣುವ ಸಣ್ಣ ಗುರುತುಗಳು, ಎಂಬ ಮಾತಿಗೂ ಅನೇಕರು ಹೆದರುತ್ತಾರೆ. ಮೈಗ್ರೇನ್ ಇರುವ ಮಹಿಳೆಯರಲ್ಲಿ ಇಂಥ ಚುಕ್ಕೆಗಳು ಹೆಚ್ಚೆಂದು ನೆದರ್ಲೆಂಡ್ಸಿನ ಅಧ್ಯಯನವೊಂದು 2004ರಲ್ಲಿ ತಿಳಿಸಿತ್ತು. ಅವರನ್ನೇ ಸುಮಾರು 9 ವರ್ಷಗಳ ನಂತರ ಮತ್ತೆ ಪರೀಕ್ಷಿಸಿ 2012ರಲ್ಲಿ ವರದಿ ಪ್ರಕಟಿಸಿದಾಗ, ಮಹಿಳೆಯರಲ್ಲಿ ಚುಕ್ಕೆಗಳು ಹೆಚ್ಚಿದ್ದರೂ ಅದಕ್ಕೂ ನೆನಪು ಮತ್ತು ಯೋಚನಾಶಕ್ತಿಯ ಕುಸಿತಕ್ಕೂ ಸಂಬಂಧ ಕಂಡುಬಂದಿರಲಿಲ್ಲ.